ರಾಯಚೂರಿನ ನಮ್ಮ ಓಣಿಯಲ್ಲಿ ಸೊಪ್ಪಿನ ತೋಟ ಮಾಡಲು ಏನೆಲ್ಲ ಬೇಕಾಯಿತು

ನಮ್ಮ ತೋಟದ ಅನುಮತಿ ನವೀಕರಣವಾದ ಪತ್ರ ಕಳೆದ ವಾರ ಕೈಗೆ ಬಂದಿದೆ. ಗಂಜ್‌ನ, ಅಂದರೆ ಕೃಷಿ ಮಾರುಕಟ್ಟೆಯ ಆಚೆ, ಹಮಾಲರೂ ಜಿನ್ನಿಂಗ್ ಮಿಲ್ಲುಗಳ ಕೂಲಿಗಳೂ ವಾಸವಿರುವ ಓಣಿಯಲ್ಲಿ, ಒಂದು ಸರ್ಕಾರಿ ಶಾಲೆಯ ಹಿಂದಿನ ಎರಡು ಗುಂಟೆ ಜಾಗದಲ್ಲಿ ನಾವು ಸೊಪ್ಪು, ತರಕಾರಿ ಬೆಳೆಯುತ್ತಿದ್ದೇವೆ. ಬೆಳೆದದ್ದು ಅದೇ ಓಣಿಯ ಮನೆಗಳಿಗೆ ಹೋಗುತ್ತದೆ. ನಮ್ಮಲ್ಲೂ ಇಂಥದ್ದು ಮಾಡಬೇಕು ಎಂದು ಊರಿನ ಬೇರೆ ಬೇರೆ ಬಡಾವಣೆಗಳವರು ಬಂದು ಕೇಳುತ್ತಿದ್ದಾರೆ. ಯಾವ ಬೀಜ, ಯಾವ ಗೊಬ್ಬರ ಎಂಬುದು ಎಲ್ಲರ ಮೊದಲ ಪ್ರಶ್ನೆ. ನನ್ನ ಅನುಭವದಲ್ಲಿ ಅದು ಕೊನೆಯ ಪ್ರಶ್ನೆ. ಜಾಗದ ಕಾಗದ ಯಾರ ಹೆಸರಿನಲ್ಲಿದೆ, ಬೇಸಿಗೆಯಲ್ಲಿ ನೀರು ಎಲ್ಲಿಂದ, ಬೆಳೆದ ಸೊಪ್ಪು ಮೊದಲು ಯಾರ ಮನೆಗೆ, ಈ ಮೂರನ್ನು ಬಿತ್ತನೆಗೆ ಮೊದಲೇ ತೀರ್ಮಾನಿಸಿಕೊಳ್ಳಬೇಕು. ನಮ್ಮ ಹೆಚ್ಚಿನ ಕಾಲವೂ ಸಂಕಟವೂ ಹೋದದ್ದು ಅಲ್ಲಿಯೇ. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಓಣಿಯ ಅಂಚಿನಲ್ಲೇ ನನ್ನ ಮನೆ. ಹಿಮೋಗ್ಲೋಬಿನ್ ಪ್ರಮಾಣ ಒಂದು ಡೆಸಿಲೀಟರ್ ರಕ್ತದಲ್ಲಿ ಗರ್ಭಿಣಿಯರಿಗೆ 11 ಗ್ರಾಂಗಿಂತ, ಉಳಿದ ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತೇವೆ. ನನ್ನ ಓಣಿಯ ಹೆಣ್ಣುಮಕ್ಕಳ ವರದಿಗಳಲ್ಲಿ ಏಳು, ಎಂಟು ಎಂದು ಬರೆದು ಬರೆದು ನನ್ನ ಕೈ ಸೋತಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅಂಕಿ ಗೊತ್ತಿರುವುದು ಬೇರೆ, ಎದುರಿಗೆ ಕುಳಿತವಳ ಹೆಸರೂ ಅವಳ ಮಗುವಿನ ಹೆಸರೂ ಗೊತ್ತಿರುವುದು ಬೇರೆ.

ಅವರ ಮನೆಯಲ್ಲಿ ಅಕ್ಕಿಗೆ ಕೊರತೆಯಿಲ್ಲ. ಪಡಿತರ ಬರುತ್ತದೆ. ಸಿಂಧನೂರು, ಮಾನ್ವಿಗಳಲ್ಲಿ ಕಾಲುವೆ ನೀರಿಗೆ ಭತ್ತ ಬೆಳೆಯುವ ಜಿಲ್ಲೆ ನಮ್ಮದು. ಇಲ್ಲದಿರುವುದು ತಟ್ಟೆಯ ಇನ್ನೊಂದು ಬದಿಯಲ್ಲಿರಬೇಕಾದ ಪಲ್ಯ. ಉಸ್ಮಾನಿಯಾ ಮಾರುಕಟ್ಟೆಗೆ ಬೆಳಗಿನ ಜಾವ ಬರುವ ಹಸಿ ಸೊಪ್ಪು ಈ ಹೆಣ್ಣುಮಕ್ಕಳ ಕೈಗೆ ಸಿಗುವುದಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ, ಮೆಣಸಿನಕಾಯಿ ಕೀಳುವ ಕಾಲದಲ್ಲಿ ಸುತ್ತಲಿನ ಹಳ್ಳಿಗಳಿಂದ ಗಾಡಿ ಬಂದು ಅವರನ್ನು ಕರೆದೊಯ್ಯುವುದು ಕತ್ತಲಿರುವಾಗಲೇ. ಸಂಜೆ ಮರಳುವಾಗ ತಳ್ಳುಗಾಡಿಯಲ್ಲಿ ಉಳಿದಿರುವುದು ಬಾಡಿದ ಕಟ್ಟು. ಆಟೋ ಹಿಡಿದು ಪೇಟೆಗೆ ಹೋಗಿ ಬರುವ ಖರ್ಚು ಸೊಪ್ಪಿನ ಬೆಲೆಗಿಂತ ಜಾಸ್ತಿ. ಹೀಗಾಗಿ ವಾರಪೂರ್ತಿ ಅನ್ನ, ತಿಳಿಸಾರು, ಚಟ್ನಿಪುಡಿ. ಸೊಪ್ಪು ಓಣಿಯಲ್ಲೇ, ಅವರು ಮನೆಯಲ್ಲಿರುವ ಹೊತ್ತಿಗೆ ಸಿಗಬೇಕು ಎಂಬ ಯೋಚನೆ ನನಗೆ ಹುಟ್ಟಿದ್ದು ಹೀಗೆ. ಒಂದು ಮಾತು ಸೇರಿಸಲೇಬೇಕು. ಸೊಪ್ಪು ಕಬ್ಬಿಣಾಂಶದ ಮಾತ್ರೆಗೆ ಬದಲಿಯಾಗುವುದಿಲ್ಲ. ಏಳಕ್ಕೆ ಇಳಿದವರಿಗೆ ವೈದ್ಯರ ಚಿಕಿತ್ಸೆಯೇ ಬೇಕು. ಈ ಮಾತನ್ನು ನಾನು ತೋಟದಲ್ಲೂ ಹೇಳುತ್ತೇನೆ, ಪ್ರಯೋಗಾಲಯದಲ್ಲೂ ಹೇಳುತ್ತೇನೆ.

ಒಬ್ಬಳೇ ಅರ್ಜಿ ಕೊಟ್ಟರೆ ಯಾರೂ ಕಿವಿಗೊಡುವುದಿಲ್ಲ ಎಂದು ಮೊದಲ ದಿನವೇ ತಿಳಿಯಿತು. ಓಣಿಯಲ್ಲಿ ಮೊದಲೇ ಒಂದು ಮಹಿಳಾ ಸ್ವಸಹಾಯ ಸಂಘವಿತ್ತು. ನಗರ ಜೀವನೋಪಾಯ ಅಭಿಯಾನದಡಿ ಇಂಥ ಸಂಘಗಳಿಗೆ ಸಿಗುತ್ತಿದ್ದ 10,000 ರೂಪಾಯಿ ಸುತ್ತುನಿಧಿ, ಅಂದರೆ ಸದಸ್ಯರ ನಡುವೆ ಸಾಲವಾಗಿ ಸುತ್ತುವ ಹಣ, ಅದಕ್ಕೆ ಬಂದಿತ್ತು, ಬ್ಯಾಂಕ್ ಖಾತೆ, ಠರಾವು ಪುಸ್ತಕ, ಮೊಹರು ಎಲ್ಲ ಇದ್ದವು. ನೀವು ಹೊಸದಾಗಿ ಸಂಘ ಕಟ್ಟಲು ಹೊರಡಬೇಡಿ. ಇರುವ ಸಂಘದ ಜೊತೆ ಹೋಗಿ. ಕಚೇರಿಯವರಿಗೆ ಬೇಕಾಗುವುದು ಮೊಹರು ಮತ್ತು ಠರಾವು, ಅವೆರಡೂ ಹಳೆಯ ಸಂಘದಲ್ಲಿ ತಯಾರಿರುತ್ತವೆ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀ ಎಂಬ ಮಹಿಳಾ ಸಂಘಗಳ ಜಾಲದ ಮಹಿಳೆಯರು ಬೀಳುಬಿದ್ದ ಜಮೀನು ಹಿಡಿದು ಗುಂಪಾಗಿ ಬೇಸಾಯ ಮಾಡುವುದನ್ನು ನಾನು ಓದಿ ಹೇಳಿದಾಗ ಸಂಘದ ಅಧ್ಯಕ್ಷೆ ಕೇಳಿದ್ದು ಒಂದೇ: “ಅವರಿಗೆ ಜಮೀನು ಕೊಟ್ಟವರು ಯಾರು ಅಕ್ಕಾ?”

ಆ ಪ್ರಶ್ನೆಯಿಂದಲೇ ನಮ್ಮ ಅಲೆದಾಟ ಶುರುವಾಯಿತು. ಯುಗಾದಿ ಮುಗಿದ ಮೇಲೆ ನಾವು ಮೊದಲು ಕಣ್ಣಿಟ್ಟದ್ದು ಪಕ್ಕದ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗದ ಮೇಲೆ. ಅಲ್ಲಿ ಜಾಲಿ ಬೆಳೆದು, ಕಸ ಬಿದ್ದು ವರ್ಷಗಳಾಗಿದ್ದವು. ಖಾಲಿ ಇದೆಯಲ್ಲ, ಯಾರಿಗೆ ಬೇಡ ಎಂದುಕೊಂಡು ಅರ್ಜಿ ಬರೆದೆವು. ಬೇಸಿಗೆ ಪೂರ್ತಿ ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಓಡಾಡಿತು. ಕೊನೆಗೆ ಒಬ್ಬ ವಿಷಯ ನಿರ್ವಾಹಕರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆ 1985ರ ಕಾಯ್ದೆಯೊಂದಿದೆ. ಉದ್ಯಾನವೆಂದು ಗುರುತಿಸಿದ ಜಾಗವನ್ನು ಬೇರೆ ಬಳಕೆಗೆ ಕೊಡಲು ಅದು ಬಿಡುವುದಿಲ್ಲ. ಒಂದು ಗುಂಪು ಬೇಲಿ ಹಾಕಿ ತರಕಾರಿ ಬೆಳೆದರೆ ಸಾರ್ವಜನಿಕರಿಗೆ ಆ ಜಾಗ ಮುಚ್ಚಿದಂತಾಗುತ್ತದೆ ಎಂಬುದು ಅವರ ವಾದ. ಕೇಳುವಾಗ ಸಿಟ್ಟು ಬಂತು. ಆದರೆ ಆ ಕಾಯ್ದೆ ಇಲ್ಲದಿದ್ದರೆ ಆ ಜಾಗದಲ್ಲಿ ಎಂದೋ ವಾಣಿಜ್ಯ ಮಳಿಗೆ ಎದ್ದಿರುತ್ತಿತ್ತು ಎಂಬುದೂ ನಿಜ. ಆ ವಿಷಯ ನಿರ್ವಾಹಕರಿಗೆ ನಾನು ಇಂದಿಗೂ ಋಣಿ. ಅಷ್ಟು ದಿನಗಳಲ್ಲಿ ಕಾರಣವನ್ನು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ನೀವು ಹೊರಡುವುದಾದರೆ ಉದ್ಯಾನದ ಜಾಗ ಬಿಟ್ಟು ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳ ಆವರಣದಲ್ಲಿ ಹುಡುಕಿ. ಅಂಗನವಾಡಿಗಳಲ್ಲಿ ಪೋಷಣ್ ಅಭಿಯಾನದಡಿ ಪೌಷ್ಟಿಕ ಕೈತೋಟಕ್ಕೆ ಸರ್ಕಾರವೇ ಉತ್ತೇಜನ ಕೊಡುತ್ತದೆ, ಆದ್ದರಿಂದ ಅಲ್ಲಿ ಮಾತು ಬೇಗ ಮುಂದುವರಿಯುತ್ತದೆ. ನಮ್ಮ ಅಂಗನವಾಡಿ ಬಾಡಿಗೆಯ ಒಂದು ಕೋಣೆಯಲ್ಲಿದೆ, ಅಂಗಳವೇ ಇಲ್ಲ.

ಉಳಿದದ್ದು ಶಾಲೆ. ಅದರ ಹಿಂಭಾಗದಲ್ಲಿ ಹಳೆಯ ಕೋಣೆಗಳನ್ನು ಕೆಡವಿದ ಕಲ್ಲು, ಇಟ್ಟಿಗೆ, ಗಾರೆ ಬಿದ್ದಿತ್ತು. ಮುಖ್ಯೋಪಾಧ್ಯಾಯಿನಿ ಮೊದಲು ಒಪ್ಪಲಿಲ್ಲ. ಮಕ್ಕಳಿಗೆ ಹಾವಿನ ಭಯ, ಹೊರಗಿನವರು ಆವರಣದೊಳಗೆ ಬರುವ ಭಯ, ನಾಳೆ ಕಟ್ಟಡ ಮಂಜೂರಾದರೆ ಜಾಗ ಬಿಡುತ್ತಾರೋ ಇಲ್ಲವೋ ಎಂಬ ಭಯ. ಮೂರೂ ನ್ಯಾಯವಾದ ಭಯಗಳೇ. ಅವರ ಮನಸ್ಸು ತಿರುಗಿದ್ದು ಬಿಸಿಯೂಟದ ಅಡುಗೆಮನೆಯಲ್ಲಿ. ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದದ್ದೇ ನಮ್ಮ ಭಾಗದ ಜಿಲ್ಲೆಗಳಲ್ಲಿ. ಅಡುಗೆಯ ಅಕ್ಕಂದಿರು ತರಕಾರಿಯ ದರ ಏರಿದ ವಾರ ಸಾಂಬಾರು ಹೇಗೆ ತೆಳ್ಳಗಾಗುತ್ತದೆ ಎಂದು ಅವರೆದುರೇ ಹೇಳಿದರು. ವಾರಕ್ಕೆರಡು ಸಲ ಅಡುಗೆಮನೆಗೆ ಉಚಿತವಾಗಿ ಸೊಪ್ಪು ಕೊಡುತ್ತೇವೆ ಎಂದು ನಾವು ಬರೆದುಕೊಟ್ಟೆವು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಠರಾವು ಆಯಿತು.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದ ನಮಗೆ ನಿಜವಾದ ಅಡ್ಡಿ ಆಮೇಲೆ ಎದುರಾಯಿತು. ಆ ಹಿಂಭಾಗದ ಜಾಗ ಶಾಲೆಯದ್ದೇ ಎಂಬುದಕ್ಕೆ ಶಾಲೆಯಲ್ಲಿ ಕಾಗದವಿರಲಿಲ್ಲ. ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸಿತು, ಅದು ಮೊದಲನೆಯದರ ಕಡೆಗೇ ಕಳುಹಿಸಿತು. ಎರಡೂ ಕಡೆ ನಮ್ಮ ಅರ್ಜಿಯ ಮೇಲೆ ಸಹಿ ಹಾಕುವವರಿಲ್ಲ. ಮಳೆಗಾಲದ ಅರ್ಧ ಹೀಗೇ ಕಳೆಯಿತು. ಕೂಲಿ ಬಿಟ್ಟು ನನ್ನೊಂದಿಗೆ ಬರುತ್ತಿದ್ದ ಸಂಘದ ಹೆಣ್ಣುಮಕ್ಕಳಿಗೆ ಪ್ರತಿ ಸಲವೂ ಆ ದಿನದ ಕೂಲಿ ಹೋಯಿತು. ಈ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ತೋಟಕ್ಕೆ ತೆತ್ತ ದೊಡ್ಡ ಬೆಲೆ ಅದೇ ಎಂದು ನನ್ನ ನಂಬಿಕೆ. ಸಂಬಳದ ರಜೆ ಇರುವವರು ಗುಂಪಿನಲ್ಲಿ ಒಬ್ಬರಾದರೂ ಇದ್ದರೆ ಕಚೇರಿಯ ಓಡಾಟವನ್ನು ಅವರೇ ಹೊರಬೇಕು. ಉಳಿದವರನ್ನು ಸಹಿ ಬೇಕಾದ ದಿನ ಮಾತ್ರ ಕರೆಯಿರಿ.

ದಾರಿ ತೆರೆದದ್ದು ಮಾಹಿತಿ ಹಕ್ಕು ಅರ್ಜಿಯಿಂದ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಕಾನೂನು ಕೊಡುವ ಗಡುವು 30 ದಿನ. “ಈ ಶಾಲೆಯ ಆವರಣದ ಅಳತೆ, ಚಕ್ಕುಬಂದಿ ಮತ್ತು ನಕ್ಷೆಯ ದೃಢೀಕೃತ ಪ್ರತಿ ಕೊಡಿ” ಎಂದಷ್ಟೇ ಕೇಳಿದೆವು. ಏಕೆ ಕೊಟ್ಟಿಲ್ಲ, ಯಾರು ಹೊಣೆ ಎಂದೆಲ್ಲ ಕೇಳಲು ಹೋಗಬೇಡಿ. ದಾಖಲೆಯ ಹೆಸರು ಹೇಳಿ ಅದರ ಪ್ರತಿ ಮಾತ್ರ ಕೇಳಿ. ಗಡುವಿನ ಕೊನೆಯಲ್ಲಿ ನಕ್ಷೆ ಬಂತು. ಗೋಡೆಯಿಂದ ಗೋಡೆಯವರೆಗೆ ಜಾಗ ಶಾಲೆಯದ್ದೇ ಆಗಿತ್ತು. ಆ ಹಾಳೆಯನ್ನು ಸಂಘದ ಅಧ್ಯಕ್ಷೆ ಸೆರಗಿನಲ್ಲಿ ಸುತ್ತಿಕೊಂಡು ಮಳೆಯಲ್ಲಿ ಮನೆಗೆ ಒಯ್ದರು.

ಕಡತಕ್ಕೆ ನಾವು ಕೊನೆಗೆ ಸೇರಿಸಿದ್ದು: ಸಂಘದ ಠರಾವು, ಸಮಿತಿಯ ನಡಾವಳಿ, ಆವರಣದ ನಕ್ಷೆ, ತೋಟದ ಜಾಗವನ್ನು ಕೆಂಪು ಶಾಯಿಯಲ್ಲಿ ಗುರುತಿಸಿದ ಕೈನಕ್ಷೆ, ಪದಾಧಿಕಾರಿಗಳ ಆಧಾರ್ ಪ್ರತಿ, ಮತ್ತು ಶಾಶ್ವತ ಕಟ್ಟಡ ಕಟ್ಟುವುದಿಲ್ಲ, ಕೇಳಿದಾಗ ಜಾಗ ಬಿಟ್ಟುಕೊಡುತ್ತೇವೆ ಎಂಬ ಮುಚ್ಚಳಿಕೆ. ಇ-ಸ್ಟ್ಯಾಂಪ್, ನೋಟರಿ, ಜೆರಾಕ್ಸ್ ಎಲ್ಲ ಸೇರಿ 1,500 ರೂಪಾಯಿಯ ಹತ್ತಿರ. ಪ್ರತಿ ಕಾಗದವನ್ನೂ ಟಪಾಲು ವಿಭಾಗದಲ್ಲೇ ಕೊಟ್ಟು ಆವಕ ಸಂಖ್ಯೆ ಬರೆಸಿಕೊಳ್ಳಿ. ಮೇಜಿನ ಮೇಲೆ ಇಟ್ಟು ಬಂದ ಕಾಗದ ಯಾರದ್ದೂ ಅಲ್ಲ. ಪತ್ರದಲ್ಲಿ ‘ಗುತ್ತಿಗೆ’ ಎಂದು ಕೇಳದೆ, ‘ತಾತ್ಕಾಲಿಕ ಬಳಕೆಗೆ ಅನುಮತಿ’ ಎಂದು ಕೇಳಿ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಆ ಮಾತು ಬಂದರೆ ಕಡತ ಮತ್ತೆ ಮೇಲಿನವರೆಗೆ ಹೋಗುತ್ತದೆ. ನಮಗೆ ಸಿಕ್ಕಿದ್ದು ಹನ್ನೊಂದು ತಿಂಗಳ ಅನುಮತಿ.

ಕಡತ ಓಡಾಡುತ್ತಿದ್ದಾಗಲೇ ಓಣಿಯಲ್ಲಿ ಇನ್ನೊಂದು ಮಾತು ಹಬ್ಬಿತ್ತು. ನಾನು ಜಾಗ ನುಂಗಲು ಹೊರಟಿದ್ದೇನಂತೆ. ಒಬ್ಬ ಅಜ್ಜಿ ನೇರವಾಗಿಯೇ ಕೇಳಿದಳು: “ಮೊದಲು ಬೇಲಿ ಹಾಕುತ್ತಾರೆ, ಆಮೇಲೆ ಬಾಗಿಲು ಹಾಕುತ್ತಾರೆ. ನಾವು ಬಹಳ ನೋಡಿದ್ದೇವೆ ತಾಯಿ.” ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಅವಳ ಅನುಮಾನಕ್ಕೆ ಅವಳ ಬದುಕೇ ಕಾರಣ ಕೊಟ್ಟಿದೆ. ಎರಡು ಸಲ ಗುಡಿಸಲು ಕಿತ್ತು ಈ ಓಣಿಗೆ ಬಂದವಳು ಅವಳು. ಮರುವಾರ ಗುಡಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ ಅರ್ಜಿಯನ್ನು ಪೂರ್ತಿ ಓದಿದೆವು. ನನ್ನ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಓದಲು ಬರುವ ಹುಡುಗಿಯೊಬ್ಬಳು ಬೆರಳಿಟ್ಟು ತೋರಿಸಿದಳು. ಕೀಲಿಕೈ ಎರಡು ಮಾಡಿಸುವುದು, ಒಂದು ಶಾಲೆಯಲ್ಲಿ, ಇನ್ನೊಂದು ಅದೇ ಅಜ್ಜಿಯ ಮನೆಯಲ್ಲಿ ಎಂದು ಅಂದೇ ತೀರ್ಮಾನವಾಯಿತು. ಅಂದಿನಿಂದ ಇಂದಿನವರೆಗೆ ಬೆಳಗ್ಗೆ ತೋಟದ ಬೀಗ ತೆಗೆಯುವವಳು ಆಕೆಯೇ.

ಅನುಮತಿ ದಸರೆಯ ಹೊತ್ತಿಗೆ ಬಂತು. ಇನ್ನು ಮಣ್ಣಿನ ಕೆಲಸ. ಮಣ್ಣಿನ ಮಾದರಿ ತೆಗೆಯುವುದು ಕಷ್ಟವಿಲ್ಲ: ಐದಾರು ಕಡೆ ‘ವಿ’ ಆಕಾರದಲ್ಲಿ ಅರ್ಧ ಅಡಿ ಅಗೆದು, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ತೆಳ್ಳಗೆ ಮಣ್ಣು ಕೆರೆದು, ಎಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಸಾಡುತ್ತ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ, ಶುಭ್ರವಾದ ಚೀಲದಲ್ಲಿ ಒಯ್ಯುವುದು. ರಸಗೊಬ್ಬರ ತುಂಬಿದ್ದ ಹಳೆಯ ಚೀಲ ಮಾತ್ರ ಬೇಡ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಕೃಷಿ ಇಲಾಖೆಯ ಪ್ರಯೋಗಾಲಯಗಳಲ್ಲಿ ಪರೀಕ್ಷೆ ಆಗುತ್ತದೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ನಿಂದ ಹಿಡಿದು ಸತು, ಬೋರಾನ್‌ವರೆಗೆ ಹನ್ನೆರಡು ಅಂಶಗಳಿರುತ್ತವೆ. ನಗರದಲ್ಲಿ ತೋಟ ಮಾಡುವವರು ಒಂದು ಸಂಗತಿ ತಿಳಿದಿರಬೇಕು. ಆ ಹನ್ನೆರಡರಲ್ಲಿ ಸೀಸ ಇಲ್ಲ. ಹಳೆಯ ಬಣ್ಣ ಬಳಿದ ಗೋಡೆಗಳ ಅವಶೇಷ, ಬ್ಯಾಟರಿ ಒಡೆದ ಜಾಗ, ಗ್ಯಾರೇಜಿನ ಎಣ್ಣೆ ಸುರಿದ ಜಾಗ ಇವುಗಳಲ್ಲಿ ಸೀಸ ಉಳಿದಿರಬಹುದು, ಮತ್ತು ಕಾಯಿಗಿಂತ ಸೊಪ್ಪು, ಗಡ್ಡೆಗಳಲ್ಲಿ ಅದು ಹೆಚ್ಚು ಸೇರುತ್ತದೆ. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಗೊತ್ತಿರುವ ನಾನು ಆ ಅವಶೇಷದ ಮಣ್ಣಿನಲ್ಲಿ ಒಂದು ಮೆಂತ್ಯೆ ಕಾಳನ್ನೂ ಹಾಕಲು ಬಿಡಲಿಲ್ಲ.

ಹಾಗಾಗಿ ಏರು ಮಡಿ. ಕೆಡವಿದ ಕೋಣೆಗಳ ಬರಿಯ ಕಲ್ಲುಗಳನ್ನೇ ಸುತ್ತ ಜೋಡಿಸಿ, ನೆಲದ ಮೇಲೆ ಹಳೆಯ ಗೋಣಿ ಹಾಸಿ, ಊರಾಚೆಯಿಂದ ತರಿಸಿದ ಮಸಾರಿ (ಕೆಂಪು) ಮಣ್ಣು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ತುಂಬಿದೆವು. ಮುಕ್ಕಾಲು ಅಡಿ ಎತ್ತರ, ಎರಡೂ ಬದಿಯಿಂದ ಕೈಗೆ ಎಟಕುವಷ್ಟು ಅಗಲ. ಸೋವಿಯತ್ ಒಕ್ಕೂಟ ಕುಸಿದು ಆಹಾರಕ್ಕೆ ಪರದಾಡಿದಾಗ ಕ್ಯೂಬಾದ ಹವಾನಾ ನಗರದವರು ಖಾಲಿ ಜಾಗಗಳಲ್ಲಿ ಕಟ್ಟಿಕೊಂಡದ್ದೂ ಇಂಥ ಏರು ಮಡಿಗಳನ್ನೇ. ಎರೆ ಮಣ್ಣು ನಮ್ಮ ಸುತ್ತ ಬೇಕಾದಷ್ಟಿದೆ, ಹತ್ತಿಗೆ ಅದು ಚಿನ್ನ. ಆದರೆ ಮಡಿಯಲ್ಲಿ ಅದು ಒಣಗಿದರೆ ಬಿರುಕು, ನೆನೆದರೆ ಅಂಟು. ಸೊಪ್ಪಿಗೆ ಮಸಾರಿಯೇ ಹಗುರ.

ನೀರಿನ ವಿಷಯದಲ್ಲಿ ನಾವು ಬಿಗಿಯಾಗಿದ್ದೆವು. ಹಿಂದಿನ ಚರಂಡಿಯ ನೀರು ಎತ್ತಿ ಹಾಯಿಸಿದರೆ ಖರ್ಚಿಲ್ಲ, ಸೊಪ್ಪು ಹುಲುಸಾಗಿ ಬರುತ್ತದೆ ಎಂದು ಸಲಹೆ ಕೊಟ್ಟವರಿಗೆ ಕಡಿಮೆಯಿಲ್ಲ. ಭೇದಿಯ ಮಕ್ಕಳ ಮಾದರಿಗಳನ್ನು ಸೂಕ್ಷ್ಮದರ್ಶಕದಡಿ ನೋಡುವ ನನಗೆ ಅದನ್ನು ಒಪ್ಪಲು ಸಾಧ್ಯವೇ ಇರಲಿಲ್ಲ. ಕುಡಿಯುವ ನೀರಿನ ನಲ್ಲಿಗೂ ಕೈ ಹಾಕುವಂತಿಲ್ಲ, ಅದೇ ಮನೆಗಳಿಗೆ ಸಾಲದು. ಶಾಲೆಯ ಕೊಳವೆಬಾವಿಯ ನೀರು ಉಪ್ಪು. ಪರೀಕ್ಷೆ ಮಾಡಿಸಿದಾಗ ಒಂದೇ ನೀರು ಹಾಕುತ್ತ ಹೋದರೆ ಮಣ್ಣು ಕೆಡುತ್ತದೆ ಎಂದರು. ಕೊನೆಗೆ ಮೂರನ್ನು ಕೂಡಿಸಿದೆವು. ಮಳೆಗಾಲದಲ್ಲಿ ಶಾಲೆಯ ಮಾಳಿಗೆಯ ನೀರು ಸಾವಿರ ಲೀಟರಿನ ತೊಟ್ಟಿಗೆ, ಬಿಸಿಯೂಟದ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ದಿನವೂ ಡ್ರಮ್ಮಿಗೆ, ಸಾಲದ್ದಕ್ಕೆ ಮಾತ್ರ ಕೊಳವೆಬಾವಿ. ಪಾತ್ರೆ ತೊಳೆದ ಸೋಪಿನ ನೀರು ಬೇರೆ ಹೋಗುವಂತೆ ಅಡುಗೆಯ ಅಕ್ಕಂದಿರೇ ಕಾಲುವೆ ಕಡಿದುಕೊಟ್ಟರು. ತೊಟ್ಟಿಯನ್ನು ಆಳೆತ್ತರದ ಕಟ್ಟೆಯ ಮೇಲಿಟ್ಟು ಹನಿ ನೀರಾವರಿಯ ಕೊಳವೆ ಎಳೆದೆವು, ಮೋಟಾರಿನ ಗೊಡವೆಯಿಲ್ಲ. ಅಕ್ಕಿ ತೊಳೆದ ನೀರು ಮಾತ್ರ ಕೊಳವೆಗೆ ಬೇಡ, ಗಂಜಿ ಕಟ್ಟಿ ರಂಧ್ರ ಮುಚ್ಚುತ್ತದೆ. ಅದನ್ನು ಚೊಂಬಿನಲ್ಲೇ ಹಾಕಬೇಕು.

ಖರ್ಚಿನ ಮಾತು ಬಹಳ ಜನ ಕೇಳುತ್ತಾರೆ. ಬೇಲಿಯೇ ದೊಡ್ಡದು. ಎರಡು ಬದಿ ಶಾಲೆಯ ಗೋಡೆ ಇದ್ದುದರಿಂದ ಉಳಿದೆರಡು ಬದಿಗೆ ಕಲ್ಲುಕಂಬ, ತಂತಿಜಾಲರಿ, ಬಾಗಿಲು ಸೇರಿ 21,000 ರೂಪಾಯಿ. ಆರು ಟ್ರ್ಯಾಲಿ ಮಸಾರಿ ಮಣ್ಣಿಗೆ 12,000, ಎರಡು ಟ್ರ್ಯಾಲಿ ಗೊಬ್ಬರಕ್ಕೆ 6,000. ತೊಟ್ಟಿ ಆರು ಸಾವಿರ, ಹನಿ ಕೊಳವೆ ಐದೂವರೆ, ನೆರಳು ಪರದೆ ಮತ್ತು ಗಳಗಳಿಗೆ ಏಳು. ಬೀಜಕ್ಕೆ ಹೋದದ್ದು 1,200 ಮಾತ್ರ. ಕಾಗದದ ಖರ್ಚು ಸೇರಿದರೆ 60,000 ದಾಟಿತು. ಸುತ್ತುನಿಧಿಯಿಂದ ಸ್ವಲ್ಪ, ನನ್ನ ಸಹೋದ್ಯೋಗಿಗಳಿಂದ ಸ್ವಲ್ಪ, ಗಂಜ್‌ನ ಒಬ್ಬ ದಲಾಲರಿಂದ ಬೇಲಿಯ ಅರ್ಧ ಹಣ. ತಮ್ಮ ಹೆಸರಿನ ಫಲಕ ಬೇಡ ಎಂದರು ಅವರು, ಅದು ದೊಡ್ಡ ಮಾತು. ಕೂಲಿಗೆ ಹಣ ಹೋಗಲಿಲ್ಲ. ಹಮಾಲರ ಎರಡು ಭಾನುವಾರಗಳಲ್ಲಿ ಮಣ್ಣೆಲ್ಲ ಒಳಗೆ ಬಂತು. ಬೇಲಿಯಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಹತ್ತಿಕಟ್ಟಿಗೆಯ ಬೇಲಿ ಸಾಕೆಂದು ಮೊದಲು ಕೆಲವರ ಅಭಿಪ್ರಾಯವಿತ್ತು. ಜಾಲರಿಯ ಕೆಲಸ ಮುಗಿಯುವ ಮುನ್ನ ಒಂದು ಮೂಲೆಗೆ ಹಾಗೆ ಕಟ್ಟಿದ್ದನ್ನು ಹಂದಿಗಳು ಒಂದೇ ರಾತ್ರಿಯಲ್ಲಿ ಕೆಡವಿ, ಆಗಷ್ಟೇ ಮೊಳೆತಿದ್ದ ಮಡಿಗಳನ್ನು ಉತ್ತುಬಿಟ್ಟವು. ಬೆಳಗ್ಗೆ ಬೀಗ ತೆಗೆದ ಅಜ್ಜಿ ನೆಲಕ್ಕೆ ಕುಳಿತು ಅತ್ತಳು. ಹಂದಿ ಇರುವ ಕಡೆ ಜಾಲರಿಯ ಕೆಳಗಿನ ಒಂದು ಅಡಿ ಮಣ್ಣಿನೊಳಗೇ ಇರಬೇಕು.

ಮರುಬಿತ್ತನೆ ಮಾಡಿದೆವು. ಮೊದಲು ಬೇಗ ಬರುವ ಸೊಪ್ಪು: ರಾಜಗಿರಿ, ಮೆಂತ್ಯೆ, ಪಾಲಕ್, ಸಬ್ಬಸಿಗೆ, ಎಲ್ಲಕ್ಕಿಂತ ಮೇಲಾಗಿ ಪುಂಡಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ರಾಜಗಿರಿ, ಅರ್ಕಾ ಅನುಪಮಾ ಪಾಲಕ್ ತಳಿಗಳನ್ನು ಮತ್ತೆ ಮತ್ತೆ ಕೊಯ್ಯಬಹುದು. ಬೆಂಡೆಗೆ ಅರ್ಕಾ ಅನಾಮಿಕಾ. ಪುಂಡಿಯ ಬೀಜ ಮಾತ್ರ ಓಣಿಯ ಹೆಣ್ಣುಮಕ್ಕಳ ತವರಿನಿಂದಲೇ ಬಂತು. ಬೇಲಿಯುದ್ದಕ್ಕೂ ಹೀರೆ, ಚವಳಿ, ಮೂಲೆಗಳಲ್ಲಿ ಪಿಕೆಎಂ-1 ತಳಿಯ ನುಗ್ಗೆ, ಕರಿಬೇವು, ನಿಂಬೆ. ನಿಂಬೆ ಏಕೆ ಎಂದು ಕೇಳಿದವರಿಗೆ ನಾನು ಹೇಳುವುದು: ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಹುಳಿಯ ‘ಸಿ’ ಜೀವಸತ್ವ ಬೇಕು. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ನಮ್ಮ ಕಡೆ ಉಂಡೆದ್ದ ಕೂಡಲೇ ಚಹಾ ಕುಡಿಯುವ ರೂಢಿ. ಅದನ್ನು ಒಂದು ತಾಸು ಮುಂದೂಡಿಸುವುದು ತೋಟ ಮಾಡುವುದಕ್ಕಿಂತ ಕಷ್ಟದ ಕೆಲಸ, ಇನ್ನೂ ಪ್ರಯತ್ನ ನಡೆದಿದೆ.

ಹುಳುವಿಗೆ ಬೇವು ಸಾಕಾಯಿತು. ಅರ್ಧ ಕಿಲೋ ಬೇವಿನ ಬೀಜದ ತಿರುಳನ್ನು ಪುಡಿಮಾಡಿ ರಾತ್ರಿ ನೆನೆಸಿ, ಸೋಸಿ, ಹತ್ತು ಲೀಟರಿಗೆ ನೀರು ಕೂಡಿಸಿ, ಚಿಟಿಕೆ ಸೋಪು ಬೆರೆಸಿ ಸಂಜೆ ಸಿಂಪಡಿಸಬೇಕು. ಬೇಸಿಗೆಯ ಕೊನೆಯಲ್ಲಿ ಮರದಡಿ ಬಿದ್ದ ಹಣ್ಣು ಆಯ್ದಿಟ್ಟುಕೊಂಡರೆ ವರ್ಷಕ್ಕಾಗುತ್ತದೆ.

ಮೊದಲ ಕೊಯ್ಲು ಕಾರ್ತಿಕದಲ್ಲಿ ಬಂತು. ಸಂಜೆ ಕೂಲಿಯಿಂದ ಮರಳಿದವರು ಕೈಕಾಲು ತೊಳೆದು ಬೇಲಿಯ ಬಳಿ ನಿಂತಿದ್ದರು. ಮಣ್ಣು ಹತ್ತಿದ ಬೇರಿನ ಸಮೇತ ರಾಜಗಿರಿಯ ಕಟ್ಟು ಕೈಗೆ ಬಂದಾಗ ಒಬ್ಬಾಕೆ ಅದನ್ನು ಮೂಗಿಗೆ ಹಿಡಿದುಕೊಂಡಳು. ನನ್ನ ಕಣ್ಣು ತುಂಬಿಬಂತು. ಆದರೆ ಅದೇ ಸಂಜೆ ಜಗಳವೂ ಆಯಿತು. ಮೊದಲು ಬಂದವರು ಎರಡೆರಡು ಕಟ್ಟು ಒಯ್ದಿದ್ದರು. ಮಿಲ್ಲಿನಿಂದ ತಡವಾಗಿ ಬಂದ ಗರ್ಭಿಣಿಗೆ ಉಳಿದದ್ದು ಬರಿಗೈ.

ಈಗ ಲೆಕ್ಕ ನೋಡಿ. ದಿನಕ್ಕೆ ಒಬ್ಬರಿಗೆ ಹಣ್ಣು, ತರಕಾರಿ ಸೇರಿ ಕನಿಷ್ಠ 400 ಗ್ರಾಂ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ಜನರ ಮನೆಗೆ ತಿಂಗಳಿಗೆ 60 ಕಿಲೋ ಆಯಿತು. ನಮ್ಮ ತೋಟ ಒಳ್ಳೆಯ ತಿಂಗಳಲ್ಲಿ ಕೊಡುವುದು 90 ಕಿಲೋ. ಸುತ್ತಲಿನ ನಲವತ್ತು ಮನೆಗಳಿಗೆ ಸಮನಾಗಿ ಹಂಚಿದರೆ ಮನೆಗೆ ಎರಡು ಕಿಲೋ ಚಿಲ್ಲರೆ. ನಗರದ ಖಾಲಿ ಜಾಗಗಳಲ್ಲಿ ಬೆಳೆದು ಬಡವರ ಹೊಟ್ಟೆ ತುಂಬಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ. ಎಲ್ಲರಿಗೂ ಚೂರುಚೂರು ಹಂಚಿದರೆ ಯಾರ ತಟ್ಟೆಯಲ್ಲೂ ಕಾಣುವುದಿಲ್ಲ. ಆದ್ದರಿಂದ ಸಂಘದ ಸಭೆಯಲ್ಲಿ ಸರದಿ ಬರೆದೆವು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಮೊದಲ ಪಾಲು, ವಾರಕ್ಕೆರಡು ಸಲ, ಬಂದು ನಿಲ್ಲಬೇಕಾಗಿಲ್ಲ, ಮನೆಗೇ ಹೋಗುತ್ತದೆ. ಆಮೇಲೆ ಬಿಸಿಯೂಟದ ಪಾಲು. ಉಳಿದದ್ದು ಆ ವಾರ ತೋಟದಲ್ಲಿ ಕೆಲಸ ಮಾಡಿದವರಿಗೆ. ಮಾರುವಂತಿಲ್ಲ. ಮಾರಿದರೆ ಏನು ತಪ್ಪು, ಬೀಜದ ಹಣವಾದರೂ ಹುಟ್ಟುತ್ತದೆ ಎಂಬ ವಾದ ಇವತ್ತಿಗೂ ಇದೆ. ನಾನು ಒಪ್ಪುವುದಿಲ್ಲ. ಬೆಲೆ ಸಿಗುವ ದಿನ ಸೊಪ್ಪು ಪೇಟೆಗೇ ಹೋಗುತ್ತದೆ, ಮತ್ತೆ ಅದೇ ಬಾಡಿದ ಕಟ್ಟು ಓಣಿಗೆ ಮರಳುತ್ತದೆ. ಗೊಬ್ಬರ, ಬೀಜಕ್ಕೆ ಮನೆಗೆ ತಿಂಗಳಿಗೆ ಹತ್ತು ರೂಪಾಯಿ ವಂತಿಗೆ ಇಟ್ಟಿದ್ದೇವೆ, ಮೊದಲ ಪಾಲಿನ ಮನೆಗಳಿಗೆ ಅದೂ ಇಲ್ಲ.

ಬೇಸಿಗೆ ನಮ್ಮ ಊರಿನಲ್ಲಿ ಹೇಗಿರುತ್ತದೆ ಎಂದು ರಾಯಚೂರಿನವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ ನಡುವಿಗೆ ಪಾಲಕ್, ಮೆಂತ್ಯೆ ಸುಟ್ಟುಹೋದವು. ಅರ್ಧ ಮಡಿಗಳನ್ನು ಖಾಲಿ ಬಿಟ್ಟು, ಇದ್ದ ನೀರನ್ನೆಲ್ಲ ಉಳಿದರ್ಧಕ್ಕೆ ಕೊಟ್ಟೆವು. ಐವತ್ತು ಪ್ರತಿಶತ ನೆರಳು ಕೊಡುವ ಪರದೆ, ಬುಡಕ್ಕೆ ದಪ್ಪನಾಗಿ ಭತ್ತದ ಹುಲ್ಲು. ಬದುಕಿದ್ದು ಪುಂಡಿ, ರಾಜಗಿರಿ, ಚವಳಿ ಮತ್ತು ನುಗ್ಗೆ. ಶಾಲೆಗೆ ರಜೆ ಬಿದ್ದು ಬಿಸಿಯೂಟದ ನೀರೂ ನಿಂತಾಗ ಹೆಣ್ಣುಮಕ್ಕಳು ತಮ್ಮ ಮನೆಯ ಅಕ್ಕಿ ತೊಳೆದ ನೀರನ್ನು ಕೊಡದಲ್ಲಿ ಹೊತ್ತು ತಂದರು. ಆ ಎರಡು ತಿಂಗಳು ಒಳ್ಳೆಯ ದಿನಗಳ ಕಾಲು ಭಾಗವೂ ಸಿಗಲಿಲ್ಲ. ಹೊಸಬರು ಬೇಸಿಗೆಯಲ್ಲಿ ಆರಂಭಿಸದಿರುವುದು ಒಳ್ಳೆಯದು. ಕಾಗದದ ಕೆಲಸ ಬೇಸಿಗೆಯಲ್ಲಿ, ಮಡಿ ಕಟ್ಟುವುದು ಮಳೆಯಲ್ಲಿ, ಬಿತ್ತನೆ ಸೆಪ್ಟೆಂಬರ್ ಮಳೆ ಕಳೆದ ಮೇಲೆ.

ನವೀಕರಣಕ್ಕೆ ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಅರ್ಜಿ ಕೊಟ್ಟೆವು, ಆದರೂ ಪತ್ರ ಬರುವಷ್ಟರಲ್ಲಿ ಹಳೆಯ ಅವಧಿ ಮುಗಿದುಹೋಗಿತ್ತು. ಆ ನಡುವಿನ ದಿನಗಳಲ್ಲಿ ಯಾರಾದರೂ ಬಂದು ಬೀಗ ಹಾಕಿದರೆ ಎಂಬ ಆತಂಕ ತೋಟದಲ್ಲಿ ಎಲ್ಲರ ಮುಖದಲ್ಲಿತ್ತು. ಅರ್ಜಿಯ ಜೊತೆ ಬಿಸಿಯೂಟಕ್ಕೆ ಕೊಟ್ಟ ಸೊಪ್ಪಿನ ದಿನಾಂಕವಾರು ಲೆಕ್ಕ, ಮುಖ್ಯೋಪಾಧ್ಯಾಯಿನಿಯ ಸಹಿ ಸಮೇತ, ಲಗತ್ತಿಸಿದ್ದೆವು. ಈ ಸಲ ಯಾರೂ ಜಾಗ ಯಾರದ್ದು ಎಂದು ಕೇಳಲಿಲ್ಲ. ಆ ಪುಸ್ತಕವನ್ನು ಮೊದಲ ದಿನದಿಂದಲೇ ಬರೆದಿಡಿ. ಹೊಸ ಪತ್ರವೂ ಹನ್ನೊಂದು ತಿಂಗಳದ್ದೇ. ಮುಂದಿನ ಅರ್ಜಿ ಕೊಡಬೇಕಾದ ತಿಂಗಳನ್ನು ಸಂಘದ ಅಧ್ಯಕ್ಷೆ ತೋಟದ ಬಾಗಿಲಿನ ಒಳಬದಿಗೆ ಬಣ್ಣದಲ್ಲಿ ಬರೆಸಿದ್ದಾರೆ. ಪಕ್ಕದ ಓಣಿಯವರಿಗೆ ನಮ್ಮ ಅರ್ಜಿ, ಮುಚ್ಚಳಿಕೆ, ಠರಾವುಗಳ ಪ್ರತಿ ಕೊಟ್ಟಿದ್ದೇವೆ. ಅವರು ಒಂದು ಆರೋಗ್ಯ ಕೇಂದ್ರದ ಹಿಂದಿನ ಜಾಗ ನೋಡಿಟ್ಟಿದ್ದಾರೆ, ನಕ್ಷೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿಯಾಗಿದೆ.